ಮೈನ್ ಆಫ್ ಮಾಡಿದ್ದೆನಲ್ಲ!

ಮಳೆಗಾಲದಲ್ಲಿ ನಮ್ಮ ಸಾಗರದ ಕಡೆ ಕರೆಂಟು ಹೋಗುವುದು ಸುದ್ದಿಯೇನಲ್ಲ. ಎಲ್ಲೋ ಒಂದು ಮರ ಲೈನಿನ ಮೇಲೆ ಒರಗಿದರೆ ಮುಗಿಯಿತು. ಮಗಳು ಎಸ್ಸೆಸ್ಸೆಲ್ಸಿಗೆ ಬಂದ ವರ್ಷ ಯುಪಿಎಸ್ ಹಾಕಿಸಿದೆವು. ಕೋಣೆಗೊಂದು ದೀಪ, ಒಂದು ಫ್ಯಾನು, ಮೊಬೈಲು-ಲ್ಯಾಪ್‌ಟಾಪಿಗೆಂದು ಒಂದೊಂದು ಪ್ಲಗ್ ಪಾಯಿಂಟು. ಹೊಸ ಸಾಕೆಟ್ಟುಗಳನ್ನು ಹಳೆಯ ಬೋರ್ಡಿನಲ್ಲೇ, ಹಳೆಯದರ ಪಕ್ಕದಲ್ಲೇ ಕೂರಿಸಿದರು. ಎರಡೂ ಬಿಳಿ, ಎರಡೂ ಒಂದೇ ಅಳತೆ. ಅವಳಿ-ಜವಳಿ ಹಾಗೆ ಕಾಣುತ್ತವೆ ಎಂದು ನಾನೇ ಮೆಚ್ಚಿಕೊಂಡಿದ್ದೆ.

ಮೊದಲು ಪೆಟ್ಟು ತಿಂದದ್ದು ಯುಪಿಎಸ್ಸು. ಊರಿಂದ ಬಂದಿದ್ದ ನಾದಿನಿ ಬೆಳಗಿನ ಬಸ್ಸಿಗೆ ಹೊರಡುವ ಗಡಿಬಿಡಿಯಲ್ಲಿ ಸೀರೆಗೆ ಇಸ್ತ್ರಿ ಹಾಕಲು ಹೊರಟಳು. ಹೊರಗೆ ಕರೆಂಟು ಇರಲಿಲ್ಲ. ಯುಪಿಎಸ್ ಕೀಂಯ್ ಎಂದು ಕೂಗಿ ಸುಮ್ಮನಾಯಿತು, ಮನೆಯೆಲ್ಲ ಕತ್ತಲು. ನಮ್ಮದು 900 ವಿಎ, ಹೊರುವುದು ಸುಮಾರು 700 ವ್ಯಾಟ್. ಇಸ್ತ್ರಿ ಪೆಟ್ಟಿಗೆ ಒಂದೇ 1000 ವ್ಯಾಟ್! "ಅತ್ತಿಗೆ, ಮತ್ತೆ ಯಾವುದಕ್ಕೆ ಹಾಕಬೇಕಿತ್ತು?" ಎಂದಳು. ನನಗೂ ಥಟ್ಟನೆ ಹೇಳಲಾಗಲಿಲ್ಲ. ಮಗಳು 'ಯುಪಿಎಸ್' ಎಂದು ಚೀಟಿ ಬರೆದು ಅಂಟಿಸಿದಳು. ಒಂದು ಮಳೆಗಾಲಕ್ಕೆ ಎಲ್ಲ ಉದುರಿದವು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ. ಹಾಲಿನ ಒಂದು ಸಾಕೆಟ್ ಸಡಿಲವಾಗಿತ್ತು. ರಿಪೇರಿಗೆ ಬಂದವನು ಹತ್ತೊಂಬತ್ತರ ಹುಡುಗ, ಇನ್ನೂ ಕೆಲಸ ಕಲಿಯುತ್ತಿದ್ದ. "ಅಕ್ಕಾ, ಮೈನ್ ಆಫ್ ಮಾಡಿ" ಎಂದ. ಮಾಡಿದೆ. "ಆಫ್ ಮಾಡಿದ್ದೀನಪ್ಪ, ಧೈರ್ಯವಾಗಿ ಕೈ ಹಾಕು" ಎಂದವಳೂ ನಾನೇ. ಪ್ಲೇಟು ಬಿಚ್ಚಿ ವೈರು ಹಿಡಿದಿದ್ದಷ್ಟೇ, ಯಾರೋ ತಳ್ಳಿದ ಹಾಗೆ ಹಿಂದಕ್ಕೆ ಬಿದ್ದ. ಬೆರಳ ತುದಿಯಲ್ಲಿ ಸುಟ್ಟ ಗಾಯ, ಮೊಣಕೈ ತರಚಿತ್ತು. ಡಾಕ್ಟರ ಹತ್ತಿರ ಕರೆದೊಯ್ದು ಇಸಿಜಿ ಮಾಡಿಸಿ, ಏನೂ ತೊಂದರೆಯಿಲ್ಲ ಎಂದ ಮೇಲೇ ನನಗೆ ಉಸಿರು ಬಂದದ್ದು.

ಮೈನ್ ಆಫ್ ಮಾಡಿದ್ದೆನಲ್ಲ! ತಪ್ಪು ಅಲ್ಲೇ ಇದ್ದದ್ದು. ನಾವು ಮೈನ್ ಆಫ್ ಮಾಡಿದರೆ ಯುಪಿಎಸ್ಸಿಗೆ ಕರೆಂಟು ಹೋಯಿತೆಂದೇ ಅರ್ಥ. ಅದು ತಕ್ಷಣ ಬ್ಯಾಟರಿಯಿಂದ ಕರೆಂಟು ಕೊಡಲು ಶುರು ಮಾಡುತ್ತದೆ, ಅದೂ ಅದೇ 230 ವೋಲ್ಟಿನದು. ಬ್ಯಾಟರಿ ಬರೀ 12 ವೋಲ್ಟು, ಏನೂ ಆಗುವುದಿಲ್ಲ ಎಂದುಕೊಂಡವರನ್ನು ನಾನು ನೋಡಿದ್ದೇನೆ. ಗೋಡೆಯ ವೈರಿಗೆ ಬರುವ ಹೊತ್ತಿಗೆ ಅದು 12 ಆಗಿರುವುದಿಲ್ಲ. ಯುಪಿಎಸ್ ಒಂದನ್ನೇ ಆಫ್ ಮಾಡಿದರೂ ಸಾಲದು. ಮೈನ್ ಇದ್ದರೆ ನಮ್ಮ ಮನೆಯಂಥ ಯುಪಿಎಸ್ಸುಗಳು ಹೊರಗಿನ ಕರೆಂಟನ್ನು ಹಾಗೆಯೇ ದಾಟಿಸುತ್ತವೆ. ಎರಡನ್ನೂ ಆಫ್ ಮಾಡಬೇಕು, ಆಮೇಲೂ ಟೆಸ್ಟರ್ ಹಿಡಿದು ನೋಡಬೇಕು.

"ಗೋಡೆ ನೋಡಿದರೇ ಗೊತ್ತಾಗುವ ಹಾಗಿರಬೇಕಮ್ಮ" ಎಂದಳು ಮಗಳು. ಮೊದಲು ಯಾವುದು ಯಾವ ಲೈನೆಂದು ತಿಳಿಯಬೇಕಲ್ಲ? ಕರೆಂಟು ಹೋದ ಒಂದು ಸಂಜೆ ಮೊಬೈಲ್ ಚಾರ್ಜರ್ ಹಿಡಿದು ಮನೆಯೆಲ್ಲ ಸುತ್ತಿದೆವು. ಚಾರ್ಜ್ ಆಯಿತೆಂದರೆ ಅದು ಯುಪಿಎಸ್ಸಿನದು. ಅಡುಗೆಮನೆಯಲ್ಲಿ ನಮ್ಮತ್ತೆ ದಿನಾ ಚಟ್ನಿ ರುಬ್ಬುವ ಮಿಕ್ಸಿಯ ಪಾಯಿಂಟೂ ಅದೇ ಲೈನಿನದೆಂದು ತಿಳಿದದ್ದು ಆವತ್ತೇ.

ದುಬೈಯಲ್ಲಿರುವ ನನ್ನ ತಮ್ಮ ಅಲ್ಲಿಯ ಚೌಕ ಪಿನ್ನಿನ ಸಾಕೆಟ್ ತಂದುಕೊಡುತ್ತೇನೆಂದ. ನಮ್ಮ ದುಂಡು ಪಿನ್ನು ಅದಕ್ಕೆ ಹೋಗುವುದೇ ಇಲ್ಲ, ಯಾರೂ ತಪ್ಪು ಮಾಡಲಾರರು ಎಂಬುದು ಅವನ ವಾದ. ಕೇಳಲು ಚೆನ್ನ. ಆದರೆ ಪ್ರತಿ ಚಾರ್ಜರಿಗೂ ಒಂದು ಕನ್ವರ್ಟರ್ ಬೇಕು, ಆ ಕನ್ವರ್ಟರ್ ಅಲ್ಲೇ ನೇತಾಡುತ್ತಿರುತ್ತದೆ, ಮುಂದಿನ ನೆಂಟರು ಅದಕ್ಕೇ ಇಸ್ತ್ರಿ ಪೆಟ್ಟಿಗೆ ಹಾಕುತ್ತಾರೆ. ಕೆಟ್ಟರೆ ಸಾಗರದ ಅಂಗಡಿಯಲ್ಲಿ ಸಿಗುವ ನಂಬಿಕೆಯೂ ಇಲ್ಲ. ಎಲ್ಲ ಪಿನ್ನೂ ಹಿಡಿಯುತ್ತದೆ ಎನ್ನುವ ಸಾಕೆಟ್ಟನ್ನಂತೂ ನಾನು ಬೇಡವೇ ಬೇಡ ಎಂದೆ. ಪಿನ್ನು ಸಡಿಲವಾಗಿ ನಿಂತರೆ ಬಿಸಿಯಾಗುತ್ತದೆ, ಕಿಡಿ ಹಾರುತ್ತದೆ.

ಕೊನೆಗೆ ಒಪ್ಪಿದ್ದು ಕೆಂಪು ಸಾಕೆಟ್. ಕಂಪ್ಯೂಟರ್ ಇರುವ ಆಫೀಸುಗಳಿಗೆಂದು ಅಂಗಡಿಯವರು ಅದನ್ನು ತರಿಸುತ್ತಾರಂತೆ. ಐಎಸ್‌ಐ ಗುರುತು, ಒಳಗೆ ಮಕ್ಕಳು ಕಡ್ಡಿ ತೂರಿಸಲಾಗದಂತೆ ಶಟರು ಇರುವುದನ್ನೇ ಕೊಂಡೆವು. ಎಲ್ಲವೂ 6 ಆಂಪಿಯರಿನವು. 16 ಆಂಪಿಯರಿನ ದಪ್ಪ ಪಿನ್ನು, ಅಂದರೆ ಗೀಸರಿನಂಥವು, ಅದಕ್ಕೆ ಹೋಗುವುದಿಲ್ಲ. ಇಸ್ತ್ರಿ ಪೆಟ್ಟಿಗೆ, ಮಿಕ್ಸಿಗಳಿಗೆ ಸಣ್ಣ ಪಿನ್ನೇ ಇರುವುದರಿಂದ ಅವಕ್ಕೆ ಬಣ್ಣವೇ ಕಾವಲು.

ಮಾವ ಒಂದು ಮಾತು ಎತ್ತಿದರು. ಮುಸ್ಸಂಜೆಯಲ್ಲಿ ಅಂಗಳದ ಕೆಂಪು ದಾಸವಾಳ ಕಪ್ಪಾಗಿ ಕಾಣುತ್ತದಲ್ಲ, ಯುಪಿಎಸ್ಸೇ ಕೈಕೊಟ್ಟ ಕತ್ತಲಲ್ಲಿ ನಿನ್ನ ಕೆಂಪು ನನ್ನ ಕಣ್ಣಿಗೆ ಬೀಳುತ್ತದೆಯೇ ಎಂದರು. ಅವರಿಗೆ ಪೊರೆಯೂ ಇದೆ. ಸರಿಯಾದ ಮಾತೇ. ಅದಕ್ಕೆ ಕೆಂಪನ್ನು ಹಳೆಯ ಬೋರ್ಡಿನಿಂದ ಬಿಡಿಸಿ ಒಂದು ಗೇಣು ಮೇಲೆ ಬೇರೆಯೇ ಪೆಟ್ಟಿಗೆಯಲ್ಲಿ ಹಾಕಿಸಿದೆವು, ಎಲ್ಲ ಕೋಣೆಯಲ್ಲೂ ಹಾಗೆಯೇ. ಕೈಯಾಡಿಸಿದರೆ ತಿಳಿಯುತ್ತದೆ. ಎರಡು ಲೈನಿನ ವೈರುಗಳು ಒಂದೇ ಪೆಟ್ಟಿಗೆಯೊಳಗೆ ಸೇರುವುದೂ ತಪ್ಪಿತು. ಗೋಡೆ ಕೊರೆದ ಖರ್ಚು ಸಾಕೆಟ್ಟಿಗಿಂತ ಹೆಚ್ಚಾಯಿತು, ಮನೆಯವರು ಗೊಣಗಿದರು. ಮಿಕ್ಸಿಯ ಪಾಯಿಂಟನ್ನು ಮಾಮೂಲಿ ಲೈನಿಗೆ ತಿರುಗಿಸಿದ್ದಕ್ಕೆ ಅತ್ತೆಗೆ ಇವತ್ತಿಗೂ ಬೇಸರ. ಕರೆಂಟಿಲ್ಲದ ದಿನ ಚಟ್ನಿ ಒರಳಿನಲ್ಲೇ.

ಹೋದ ತಿಂಗಳು ಫ್ಯಾನಿನ ರೆಗ್ಯುಲೇಟರ್ ಕೆಟ್ಟಿತೆಂದು ಅದೇ ಹುಡುಗ ಬಂದ. ಗೋಡೆಯನ್ನೊಮ್ಮೆ ನೋಡಿದ. ನಾನು ಬಾಯಿ ತೆರೆಯುವ ಮೊದಲೇ ಮೆಟ್ಟಿಲ ಕೆಳಗೆ ಹೋಗಿ, "ಅಕ್ಕಾ, ಯುಪಿಎಸ್ ಆಫ್ ಮಾಡಿದೆ, ಈಗ ಮೈನ್ ತೆಗೀರಿ" ಎಂದು ಕೂಗಿದ.