ಪ್ರಮಾದಕ್ಕೆ ಕ್ಷಮೆಯುಂಟೆ?



ದಾರಿಯಲ್ಲಿ ಇರುವೆ ಕಂಡರೆ ಕಾಲನ್ನು ಹಿಂದಕ್ಕೆ ತೆಗೆಯುವ ಸಮಾಜ ನಮ್ಮದು. ನೀರನ್ನು ಸೋಸಿ ಕುಡಿಯುತ್ತೇವೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುತ್ತೇವೆ. ಆದರೆ ಪರ್ವದ ದಿನಗಳಲ್ಲಿ ನೂರಾರು ಜನ ಸೇರುವ ಸಭಾಭವನದ ಗೋಡೆಗೆ ತೂಗುಹಾಕಿರುವ ಅಗ್ನಿಶಾಮಕ ಸಿಲಿಂಡರಿನ ಮುಳ್ಳು ಹಸಿರಿನಲ್ಲಿದೆಯೋ ಕೆಂಪಿನಲ್ಲಿದೆಯೋ ಎಂದು ನಮ್ಮಲ್ಲಿ ಎಷ್ಟು ಮಂದಿ ನೋಡಿದ್ದೇವೆ? ರಾಯಚೂರು, ದೇವದುರ್ಗ, ಮಾನ್ವಿಗಳ ಟ್ರಸ್ಟುಗಳ ಪದಾಧಿಕಾರಿಗಳಿಗೂ, ಹತ್ತಿ, ಭತ್ತ, ಬಟ್ಟೆಗಳ ವ್ಯಾಪಾರದಲ್ಲಿರುವ ಸಹೋದರರಿಗೂ ಇದು ನನ್ನ ಪ್ರಶ್ನೆ. ನನ್ನ ಸ್ವಂತ ಗೋದಾಮಿನಲ್ಲಿಯೇ ಮುಳ್ಳು ಕೆಂಪಿನಲ್ಲಿತ್ತೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ವ್ಯಾಪಾರದಲ್ಲಿ ಉದ್ಯೋಗಿ ಹಿಂಸೆ ಅನಿವಾರ್ಯವೆಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ಎಚ್ಚರ ವಹಿಸಿದರೂ ತಪ್ಪದ ಹಿಂಸೆಗೆ ಮಾತ್ರ ಆ ಮಾತು ಸಲ್ಲುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಹಿಂಸೆಯ ಮೂಲದಲ್ಲಿ ಇರಿಸಿರುವುದು ಪ್ರಮಾದವನ್ನು. ಇಂದಿನ ಕಾನೂನು ಅದನ್ನೇ ನಿರ್ಲಕ್ಷ್ಯವೆಂದು ಕರೆಯುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ನಿರ್ಲಕ್ಷ್ಯದಿಂದಾದ ಸಾವಿಗೆ ಐದು ವರ್ಷಗಳವರೆಗೆ ಸೆರೆವಾಸವಿದೆ. ಬೆಂಕಿಯ ವಿಷಯದಲ್ಲಿ ತೋರುವ ಅಜಾಗರೂಕತೆಗೆ ಪ್ರತ್ಯೇಕ ಕಲಮೇ ಇದೆ.

2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆ ತುಂಬಿ ಒಂಬತ್ತು ಮಂದಿ ಪ್ರಾಣ ತೆತ್ತರು. ಹೊರಬರಲು ದಾರಿ ಕಾಣದೆ ಕೆಲವರು ಕಿಟಕಿಗಳಿಂದ ಹಾರಿದರು. ಬಳಿಕ 2011ರಲ್ಲಿ ರಾಜ್ಯ ಸರ್ಕಾರವು ಎತ್ತರದ ಕಟ್ಟಡಗಳ ಅಗ್ನಿಸುರಕ್ಷೆಯ ಕುರಿತು ಅಧಿಸೂಚನೆ ಹೊರಡಿಸಿತು. ಕಾನೂನು ಬಂದದ್ದು ಸಾವುಗಳ ನಂತರ. ನಾವೂ ಹಾಗೆಯೇ ಕಾಯಬೇಕೆ?

"ನಮ್ಮದು ಎತ್ತರದ ಕಟ್ಟಡವಲ್ಲ, ನಮಗೇಕೆ ಈ ಉಸಾಬರಿ?" ಎನ್ನುವವರಿದ್ದಾರೆ. 1995ರ ಡಿಸೆಂಬರ್ 23ರಂದು ಹರಿಯಾಣದ ಡಬ್ವಾಲಿಯಲ್ಲಿ ಶಾಲಾ ಸಮಾರಂಭ ನಡೆದದ್ದು ಒಂದು ಮದುವೆ ಮಂಟಪದಲ್ಲಿ. ಬೆಂಕಿಗೆ ಬಲಿಯಾದವರು 400ಕ್ಕೂ ಹೆಚ್ಚು ಜನ. ಅವರಲ್ಲಿ ಹೆಚ್ಚಿನವರು ಮಕ್ಕಳು. ಅವರನ್ನು ಕೊಂದದ್ದು ಕಟ್ಟಡದ ಎತ್ತರವಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯು ಪೂಜಾಸ್ಥಳ, ಮದುವೆ ಮಂಟಪಗಳನ್ನು ಜನಸಮಾವೇಶದ ಕಟ್ಟಡಗಳೆಂದು ಬೇರೆಯಾಗಿಯೇ ವರ್ಗೀಕರಿಸಿರುವುದು ಸಕಾರಣವಾಗಿದೆ.

ಇನ್ನು ಕೆಲವರದು ಶಾಸ್ತ್ರದ ಆಕ್ಷೇಪ: ಬೆಂಕಿ ನಂದಿಸಿದರೆ ಅಗ್ನಿಕಾಯ ಜೀವಗಳ ಹಿಂಸೆಯಲ್ಲವೆ? ಈ ಪ್ರಶ್ನೆ ಭಗವತೀ ಸೂತ್ರದಷ್ಟು ಹಳೆಯದು. ಅಲ್ಲಿ ಬೆಂಕಿ ಹಚ್ಚುವವನಿಗಿಂತ ನಂದಿಸುವವನಿಗೆ ಕರ್ಮಬಂಧ ಕಡಿಮೆಯೆಂದೇ ನಿರ್ಣಯವಾಗಿದೆ. ಹತ್ತಿಯ ಅಂಡಿಗೆಗಳ ಪಕ್ಕದಲ್ಲಿ ಹಳೆಯ ವಿದ್ಯುತ್ ತಂತಿಯನ್ನು ಜೋತುಬಿಟ್ಟು, ರಾಯಚೂರಿನ ಮೇ ತಿಂಗಳ ಬಿಸಿಲಿಗೆ ಅದನ್ನು ಒಪ್ಪಿಸಿದವನು ಈ ಇಬ್ಬರಲ್ಲಿ ಯಾರ ಸಾಲಿಗೆ ಸೇರುತ್ತಾನೆ?

ಟ್ರಸ್ಟಿನ ಪ್ರತಿ ರೂಪಾಯಿಗೂ ಆಡಿಟ್ ಮಾಡಿಸುತ್ತೇವೆ. ಅಭಿಷೇಕದ ಸವಾಲಿನಲ್ಲಿ ಧಾರಾಳವಾಗಿ ಕೂಗುತ್ತೇವೆ. ಸಿಲಿಂಡರಿಗೆ ಪುಡಿ ತುಂಬಿಸುವ ಖರ್ಚಿನ ಮಾತು ಬಂದಾಗ ಮಾತ್ರ "ಮುಂದಿನ ವರ್ಷ ನೋಡೋಣ" ಎನ್ನುತ್ತೇವೆ. ಸಿಲಿಂಡರುಗಳ ತಪಾಸಣೆ, ಮರುಭರ್ತಿ, ಒತ್ತಡ ಪರೀಕ್ಷೆಗಳಿಗೆ ಭಾರತೀಯ ಮಾನಕ 2190ರಲ್ಲಿ ಕ್ರಮ ನಿಗದಿಯಾಗಿದೆ. ಕೊಂಡ ದಿನದ ರಸೀದಿ ಯಾರ ಪ್ರಾಣವನ್ನೂ ಉಳಿಸದು.

ಆದ್ದರಿಂದ ನನ್ನ ಆಗ್ರಹವಿಷ್ಟು. ಪ್ರತಿ ತಿಂಗಳು ಒಬ್ಬ ಪದಾಧಿಕಾರಿ ಸಿಲಿಂಡರುಗಳ ಮುಳ್ಳು, ಸೀಲು, ದಿನಾಂಕಗಳನ್ನು ನೋಡಿ ಸಹಿ ಮಾಡಲಿ. ಅಲಾರಂ ಇದ್ದಲ್ಲಿ ಬಾರಿಸಿ ನೋಡಲಿ. ಪಂಪು ಇದ್ದಲ್ಲಿ ನಡೆಸಿ ನೋಡಲಿ. ಜನ ಒಳಗಿರುವಾಗ ಯಾವ ಹಿಂಬಾಗಿಲಿಗೂ ಬೀಗ ಬೇಡ. ವರ್ಷಕ್ಕೊಮ್ಮೆ ಅಗ್ನಿಶಾಮಕ ಠಾಣೆಯವರನ್ನು ಕರೆಸಿ ಪ್ರಾತ್ಯಕ್ಷಿಕೆ ನಡೆಸಲಿ. ಆ ಸಹಿಗಳ ಪುಸ್ತಕವನ್ನು ಮಹಾಸಭೆಯಲ್ಲಿ ಆಡಿಟ್ ವರದಿಯೊಡನೆ ಓದಲಿ. ಓದದ ಸಭೆಯಲ್ಲಿ ಲೆಕ್ಕಪತ್ರಕ್ಕೆ ಅನುಮೋದನೆ ಕೊಡಬೇಡಿ. ನಾನಂತೂ ಕೊಡುವುದಿಲ್ಲ.

ಕ್ಷಮಾವಣಿಯ ದಿನ ಸಕಲ ಜೀವಿಗಳಲ್ಲಿ ಕ್ಷಮೆ ಬೇಡುತ್ತೇವೆ. ನಮ್ಮ ಬೀಗದ ಹಿಂದೆ ಉಸಿರುಗಟ್ಟಿದವರ ಮನೆಯ ಹೊಸ್ತಿಲಲ್ಲಿ ನಿಂತು ಆ ಮಾತನ್ನು ಯಾವ ಮುಖದಿಂದ ಆಡೋಣ?