ಫೋನಿನೊಳಗಿನ ಕಿರ್ದಿ ಯಾರ ಕೈಗೆ?

ಇಳಕಲ್ಲಿನ ಸೀರೆ ಅಂಗಡಿಯಿಂದ ಹಿಡಿದು ಬಾದಾಮಿಯ ಬಸ್‌ಸ್ಟ್ಯಾಂಡಿನ ಚಹಾದಂಗಡಿಯವರೆಗೆ ಸ್ಕ್ಯಾನರ್ ಇಲ್ಲದ ಅಂಗಡಿ ಇಂದು ಅಪರೂಪ. ಹುನಗುಂದದ ಸಂತೆಯಲ್ಲಿ ಕಾಯಿಪಲ್ಲೆ ಮಾರುವ ತಾಯಿಯ ತಕ್ಕಡಿಯ ಪಕ್ಕದಲ್ಲಿಯೂ ಆ ಚೀಟಿ ಉಂಟು. ಬಾಗಲಕೋಟೆಯ ಗಿರಣಿ ಕೆಲಸಗಾರನು ಪಗಾರದ ದಿನ ಕಿರಾಣಿ ಅಂಗಡಿಯ ಉದ್ರಿ, ಮಗಳ ಶಾಲೆಯ ಫೀ, ಸಂಘದ ವರ್ಗಣಿ ಎಲ್ಲವನ್ನೂ ಫೋನಿನಿಂದಲೇ ಕೊಡುತ್ತಾನೆ. ಕೊಟ್ಟದ್ದು, ಕೊಂಡದ್ದು ಒಂದೂ ಬಿಡದಂತೆ ಒಂದು ಕಿರ್ದಿಯಲ್ಲಿ ದಾಖಲಾಗುತ್ತದೆ. ಆ ಕಿರ್ದಿ ಇರುವುದು ನಮ್ಮ ಗಲ್ಲಾಪೆಟ್ಟಿಗೆಯಲ್ಲಿ ಅಲ್ಲ, ಕಂಪನಿಯ ಯಂತ್ರದಲ್ಲಿ. ಪೊಲೀಸರು ಅದನ್ನು ಕೇಳಿದರೆ ಯಾರ ಅಪ್ಪಣೆಯ ಮೇಲೆ ಕೊಡಬೇಕು?

ಈ ಪ್ರಶ್ನೆ ನಮ್ಮ ಹೈಕೋರ್ಟಿನ ಮೆಟ್ಟಿಲನ್ನೂ ಏರಿದೆ. ಕ್ರಿಕೆಟ್ ಜೂಜಿನ ಪ್ರಕರಣವೊಂದರ ತನಿಖೆಗಾಗಿ ರಾಮನಗರದ ಪೊಲೀಸರು 2022ರ ಡಿಸೆಂಬರಿನಲ್ಲಿ ಫೋನ್‌ಪೇ ಕಂಪನಿಗೆ ನೋಟೀಸು ಕೊಟ್ಟು ಹಣ ವರ್ಗಾವಣೆಯ ವಿವರ ಕೇಳಿದರು. ಗಿರಾಕಿಯ ಗುಟ್ಟು ಕಾಯುವುದು ತನ್ನ ಹೊಣೆಯೆಂದು ಕಂಪನಿ ವಾದಿಸಿತು. 2025ರ ಏಪ್ರಿಲ್ 29ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಕಂಪನಿಯ ಅರ್ಜಿಯನ್ನು ವಜಾ ಮಾಡಿದರು. ಕಾನೂನಿನಂತೆ ನಡೆಯುವ ತನಿಖೆಗೆ ಗಿರಾಕಿಯ ಗೋಪ್ಯತೆ ಅಡ್ಡಗೋಡೆಯಾಗಲಾರದು ಎಂಬುದು ತೀರ್ಪಿನ ಸಾರ.

ಈ ಮಾತನ್ನು ನಾವು ಅಲ್ಲಗಳೆಯುವುದಿಲ್ಲ. ಫೋನಿನ ಜೂಜಿನಿಂದ ಎಷ್ಟೋ ಮನೆಗಳು ಹಾಳಾಗಿವೆ. ಸುಳ್ಳು ಕರೆ ಮಾಡಿ ನೇಕಾರನ ಉಳಿತಾಯವನ್ನು ಎಗರಿಸುವ ಕಳ್ಳನನ್ನು ಹಿಡಿಯಬೇಕಾದರೆ ಹಣ ಹೋದ ದಾರಿ ಪೊಲೀಸರಿಗೆ ಕಾಣಲೇಬೇಕು. ನಮ್ಮ ತಕರಾರು ಅವರು ಕೇಳುವುದರ ಬಗ್ಗೆ ಅಲ್ಲ, ಕೇಳುವ ರೀತಿಯ ಬಗ್ಗೆ.

ಕಾನೂನನ್ನು ತೆರೆದು ನೋಡೋಣ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 91ನೆಯ ಕಲಮು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೆಯ ಕಲಮಾಗಿದೆ. ಅದರ ಪ್ರಕಾರ ಠಾಣೆಯ ಅಧಿಕಾರಿ ತಾನೇ ಬರಹದ ಆಜ್ಞೆ ಹೊರಡಿಸಿ ಕಾಗದಪತ್ರಗಳನ್ನು ಮಾತ್ರವಲ್ಲ, ಡಿಜಿಟಲ್ ಪುರಾವೆಯನ್ನೂ ತರಿಸಬಹುದು. ನ್ಯಾಯಾಧೀಶರ ಸಹಿ ಬೇಕಿಲ್ಲ. ಗಿರಾಕಿಗೆ ತಿಳಿಸಬೇಕೆಂಬ ಮಾತೂ ಅಲ್ಲಿಲ್ಲ.

ಆದರೆ ಅಂಚೆ ಕಚೇರಿಯಲ್ಲಿರುವ ನಿಮ್ಮ ಒಂದು ಪೋಸ್ಟ್ ಕಾರ್ಡು ತನಿಖೆಗೆ ಬೇಕಾದರೆ ನಿಯಮವೇ ಬೇರೆ! ಅದಕ್ಕೆ ಜಿಲ್ಲಾ ಮ್ಯಾಜಿಸ್ಟ್ರೇಟರು, ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರು, ಸೆಶನ್ಸ್ ಕೋರ್ಟು ಇಲ್ಲವೆ ಹೈಕೋರ್ಟಿನ ಅಪ್ಪಣೆ ಬೇಕು. ಪೊಲೀಸ್ ಸುಪರಿಂಟೆಂಡೆಂಟರು ಕೂಡ ಆ ಅಪ್ಪಣೆ ಬರುವವರೆಗೆ ಪತ್ರವನ್ನು ತಡೆದಿಡಿಸಬಹುದೇ ಹೊರತು ತಾವೇ ಒಯ್ಯುವಂತಿಲ್ಲ. ಬ್ರಿಟಿಷರು 1898ರಲ್ಲಿ ಮಾಡಿದ ಸಂಹಿತೆಯಲ್ಲಿಯೂ ಇಂಥದೇ ಕಟ್ಟು ಇತ್ತು. ಇಂದಿನ 95ನೆಯ ಕಲಮಿನಲ್ಲಿಯೂ ಉಳಿದಿದೆ. ಒಂದು ಕಾರ್ಡಿಗೆ ಇರುವ ಕಾವಲು ಇಡೀ ವರ್ಷದ ವ್ಯವಹಾರದ ಕಿರ್ದಿಗೆ ಏಕಿಲ್ಲ?

ತಪ್ಪು ಮಾಡದವನಿಗೆ ಅಂಜಿಕೆ ಏತಕ್ಕೆ ಎಂದು ಕೆಲವರು ಕೇಳುತ್ತಾರೆ. ಅವರು 2025ರ ಜುಲೈ ತಿಂಗಳನ್ನು ನೆನೆಯಲಿ. ಆಗ ಕಿರ್ದಿ ತರಿಸಿಕೊಂಡದ್ದು ಪೊಲೀಸರಲ್ಲ, ವಾಣಿಜ್ಯ ತೆರಿಗೆ ಇಲಾಖೆ. ಫೋನಿಗೆ ಬಂದ ಹಣವನ್ನೆಲ್ಲ ಕೂಡಿಸಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಹೋದವು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ರೂಪಾಯಿಯ ನೋಟೀಸು ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ವ್ಯಾಪಾರಿಗಳು ಸ್ಕ್ಯಾನರ್ ಚೀಟಿ ಕಿತ್ತು ನಗದಿಗೆ ಇಳಿದ ಮೇಲೆ ಸರಕಾರ ಮೆತ್ತಗಾಯಿತು. ಕಿರ್ದಿ ಅಂಕಿಯನ್ನು ಹೇಳುತ್ತದೆ, ಅದರ ಅರ್ಥವನ್ನು ಹೇಳುವುದಿಲ್ಲ. ಸಾಲ ಕೊಟ್ಟದ್ದು, ತಂಗಿಯ ಮದುವೆಗೆ ಮುಯ್ಯಿ ಬಂದದ್ದು, ಸರಕು ಮಾರಿದ್ದು ಅದಕ್ಕೆ ಎಲ್ಲವೂ ಒಂದೇ.

ಕಾರ್ಮಿಕ ಬಂಧುಗಳೂ ಯೋಚಿಸಬೇಕು. ಮುಷ್ಕರದ ನಿಧಿಗೆ ಯಾರು ಎಷ್ಟು ಕೊಟ್ಟರೆಂಬುದು ಅದೇ ಕಿರ್ದಿಯಲ್ಲಿದೆ. ಆ ಹೆಸರುಗಳ ಯಾದಿ ಠಾಣೆಯ ಮೇಜಿನಿಂದ ಮಾಲೀಕನ ಮೇಜಿಗೆ ಸರಿದರೆ ಕೆಲಸ ಹೋಗುವುದು ಯಾರದು?

ಗೋಪ್ಯತೆ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಸಾರಿದರು. ಆ ದಾವೆ ಹೂಡಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಅಪರಾಧ ತನಿಖೆಗೆ ವಿನಾಯಿತಿಯ ದೊಡ್ಡ ಬಾಗಿಲನ್ನೇ ತೆರೆದಿಟ್ಟಿದೆ. ಇನ್ನು ಕಂಪನಿಗಳು ನಮ್ಮ ಪರವಾಗಿ ಹೋರಾಡುವವೆಂದು ನಂಬಿ ಕೂಡುವುದು ಕುರಿ ತೋಳನನ್ನು ನಂಬಿದಂತೆ. ನಮ್ಮ ವಿವರವೇ ಅವುಗಳ ಬಂಡವಾಳ.

ಆದುದರಿಂದ ನಮ್ಮ ಬೇಡಿಕೆ ಇಷ್ಟೇ. ಅಂಚೆಯ ಪತ್ರಕ್ಕೆ ಇರುವ ಕಟ್ಟು ಫೋನಿನ ಕಿರ್ದಿಗೂ ಬರಲಿ. ಮ್ಯಾಜಿಸ್ಟ್ರೇಟರ ಸಹಿಯಿರಲಿ. ಯಾವ ಪ್ರಕರಣ, ಯಾರ ಖಾತೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂಬುದು ಆಜ್ಞೆಯಲ್ಲಿ ಸ್ಪಷ್ಟವಿರಲಿ. ತನಿಖೆಗೆ ತೊಡಕಾಗದ ಹೊತ್ತಿನಲ್ಲಿ ಖಾತೆದಾರನಿಗೆ ತಿಳಿಸಲಿ. ಕಾಯಿದೆ ತಿದ್ದುವುದು ದಿಲ್ಲಿಯ ಕೆಲಸ. ಅಲ್ಲಿಯವರೆಗೆ ತನ್ನ ಪೊಲೀಸರಿಗೆ ಹೀಗೆ ನಡೆಯಿರೆಂದು ಸುತ್ತೋಲೆ ಕಳಿಸಲು ಬೆಂಗಳೂರಿನ ಸರಕಾರಕ್ಕೆ ಯಾರ ಅಡ್ಡಿಯೂ ಇಲ್ಲ.

ಸಂಘಗಳು, ವ್ಯಾಪಾರಿ ಮಂಡಳಿಗಳು ಈ ಬಗ್ಗೆ ಠರಾವು ಮಾಡಿ ತಮ್ಮ ಶಾಸಕರ ಕೈಗೆ ಕೊಡಲಿ. ಠಾಣೆಯವರು ಬಾಯಿಮಾತಿನಲ್ಲಿ ಲೆಕ್ಕ ಕೇಳಿದರೆ ಜಗಳಾಡಬೇಡಿರಿ, ಬರಹದಲ್ಲಿ ಕೊಡಿರೆಂದು ಕೇಳಿರಿ. ಅದನ್ನು ಕಾನೂನೇ ಹೇಳಿದೆ. ಕಳ್ಳನನ್ನು ಹಿಡಿಯಲು ಊರಿನ ಎಲ್ಲ ಮನೆಗಳ ಕೀಲಿಕೈಗಳನ್ನು ಯಾರೂ ಒಪ್ಪಿಸುವುದಿಲ್ಲ. ಫೋನಿನ ಕಿರ್ದಿಯೂ ನಮ್ಮ ಮನೆಯೇ.