ತಂತಿಯ ಆಚೆ ತುದಿ

ಇಂಧನವನ್ನು ಏಕೆ ಉಳಿಸಬೇಕು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ದೊರೆಯುತ್ತವೆ: ತಿಂಗಳ ಬಿಲ್ಲು ಕಡಿಮೆಯಾಗುತ್ತದೆ ಎಂಬುದು ಒಂದು, ನಾಡಿನ ಸಂಪನ್ಮೂಲ ಬರಿದಾಗದೆ ಉಳಿಯುತ್ತದೆ ಎಂಬುದು ಇನ್ನೊಂದು. ಎರಡೂ ಸರಿಯಾದ ಉತ್ತರಗಳೇ. ಆದರೆ ಇವೆರಡಕ್ಕೂ ಹಿಂದೆ ಮೂರನೆಯದೊಂದು ಇದ್ದು, ಅದು ಮಿತವ್ಯಯಕ್ಕಿಂತ ಹೆಚ್ಚಾಗಿ ನ್ಯಾಯಕ್ಕೆ ಸಂಬಂಧಿಸಿದೆ. ವಿದ್ಯುತ್ತಿನ ಸುಖವನ್ನು ಅನುಭವಿಸುವವರು ಒಂದು ಊರಿನಲ್ಲಿರುತ್ತಾರೆ, ಅದರ ಉತ್ಪಾದನೆಯಿಂದ ನೆಲ, ನೀರು, ಗಾಳಿಗಳಿಗೆ ಆಗುವ ಹಾನಿಯನ್ನು ಹೊರುವವರು ಇನ್ನೊಂದು ಊರಿನಲ್ಲಿರುತ್ತಾರೆ. ಮತ್ತು ಈ ಇಬ್ಬರ ನಡುವಿನ ತಂತಿ ಎಷ್ಟು ಉದ್ದವಾಗಿದೆಯೋ ಬಳಸುವವರ ಅರಿವಿನಿಂದ ಆ ಹಾನಿ ಅಷ್ಟೇ ದೂರವಾಗಿ ಉಳಿಯುತ್ತದೆ.

ಸೌದೆಯ ಕಾಲದಲ್ಲಿ ಸ್ಥಿತಿ ಹೀಗಿರಲಿಲ್ಲ. ಬಚ್ಚಲುಮನೆಯ ಹಂಡೆಗೆ ಉರಿ ಹಾಕಿದವರ ಕಣ್ಣಿಗೇ ಹೊಗೆ ತಾಗುತ್ತಿತ್ತು, ಒಲೆಯ ಬೂದಿಯನ್ನು ಅದೇ ಮನೆಯವರು ತೆಗೆಯಬೇಕಿತ್ತು, ಸೌದೆ ಮುಗಿಯುತ್ತ ಬಂದುದು ಹಿತ್ತಿಲಲ್ಲಿ ಕಾಣುತ್ತಿತ್ತು. ಆ ವ್ಯವಸ್ಥೆ ಆರೋಗ್ಯಕ್ಕೂ ಕಾಡಿಗೂ ಹಾನಿಕರವಾಗಿತ್ತು ಎಂಬುದು ನಿಜವಾದ್ದರಿಂದ ಅದಕ್ಕೆ ಹಿಂತಿರುಗಬೇಕೆಂದು ಯಾರೂ ವಾದಿಸಲಾರರು. ಆದರೂ ಅದರಲ್ಲಿ ಒಂದು ಗುಣವಿತ್ತು: ಬಳಸಿದವರಿಗೆ ಬಳಕೆಯ ಪರಿಣಾಮ ಕಾಣುತ್ತಿತ್ತು. ಇಂದಿನ ಗೀಸರ್ ಬೂದಿಯನ್ನು ಇಲ್ಲವಾಗಿಸಿಲ್ಲ. ಅದನ್ನು ಕಲ್ಲಿದ್ದಲು ಉರಿಸಿ ವಿದ್ಯುತ್ತು ತೆಗೆಯುವ ರಾಯಚೂರಿಗೆ ಸಾಗಿಸಿದೆ.

ದಕ್ಷಿಣ ಬೆಂಗಳೂರಿನ ತ್ಯಾಗರಾಜನಗರವನ್ನು ಈ ದೂರಕ್ಕೆ ನಿದರ್ಶನವಾಗಿ ನೋಡಬಹುದು. ಬಸವನಗುಡಿ, ಜಯನಗರ, ಬನಶಂಕರಿಗಳ ನಡುವಿನ ಈ ಬಡಾವಣೆಯಲ್ಲಿ ಚಿಮಣಿಯಿಲ್ಲ, ಅಣೆಕಟ್ಟಿಲ್ಲ, ಬೂದಿಯ ಹೊಂಡವಿಲ್ಲ. ಇಲ್ಲಿನ ಮನೆಗಳು ಬಳಸುವ ವಿದ್ಯುತ್ತು ಬಹುಮಟ್ಟಿಗೆ ಹೊರಗಿನಿಂದ ಬರುತ್ತದೆ. ಈ ದೂರವು ಕರ್ನಾಟಕದ ವಿದ್ಯುತ್ ಇತಿಹಾಸದಷ್ಟೇ ಹಳೆಯದು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ಧುಮುಕಿನಿಂದ ಉತ್ಪಾದನೆಯಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ಧುಮುಕುವ ನೀರು ಒಂದೆಡೆ, ಬೆಳಕು ಮತ್ತೊಂದೆಡೆ ಎಂಬ ವಿಂಗಡಣೆ ಮೊದಲ ದಿನದಿಂದಲೇ ಇದ್ದುದರಿಂದ ನಗರಕ್ಕೆ ಅದು ಸಹಜವೆಂದೇ ತೋರಿತು.

ಒಂದೊಂದು ಮೂಲವನ್ನೂ ಅದರ ಆಚೆ ತುದಿಯಿಂದ ಪರಿಶೀಲಿಸಿದರೆ ಈ ಸಹಜತೆ ಉಳಿಯುವುದಿಲ್ಲ. ಜಲವಿದ್ಯುತ್ತು ಹೊಗೆಯಿಲ್ಲದ್ದು, ಅಗ್ಗದ್ದು, ಬೇಕಾದಾಗ ಹರಿಸಿ ಬೇಡವಾದಾಗ ನಿಲ್ಲಿಸಬಹುದಾದದ್ದು. 1948ರಲ್ಲಿ ಜೋಗದಲ್ಲಿ ಆರಂಭವಾದ, ಈಗ ಮಹಾತ್ಮ ಗಾಂಧಿಯವರ ಹೆಸರು ಹೊತ್ತಿರುವ ವಿದ್ಯುದಾಗಾರ ಮತ್ತು 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಿಂದ ನಡೆಯುವ 1,035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರ ದಶಕಗಳ ಕಾಲ ರಾಜ್ಯದ ಕೈಗಾರಿಕೆಯ ಬೆನ್ನೆಲುಬಾಗಿದ್ದವು. (ಒಂದು ಮೆಗಾವ್ಯಾಟ್ ಎಂದರೆ ಹತ್ತು ಲಕ್ಷ ವ್ಯಾಟ್, ಒಂದು ಸಾವಿರ ವ್ಯಾಟ್‌ನ ಉಪಕರಣವೊಂದು ಒಂದು ಗಂಟೆ ನಡೆದರೆ ಖರ್ಚಾಗುವುದು ಬಿಲ್ಲಿನಲ್ಲಿ ಕಾಣುವ ಒಂದು ಯೂನಿಟ್.) ಆದರೆ ಲಿಂಗನಮಕ್ಕಿಯ ಹಿನ್ನೀರು ಸುಮಾರು 300 ಚದರ ಕಿಲೋಮೀಟರ್ ನೆಲವನ್ನು ಆವರಿಸಿತು. ಸಾಗರ, ಹೊಸನಗರ ಸೀಮೆಯ ಗದ್ದೆ, ತೋಟ, ಕಾಡು, ಊರುಗಳು ಮುಳುಗಿ ಸಾವಿರಾರು ಕುಟುಂಬಗಳು ಚದುರಿದವು; ಆರು ದಶಕಗಳ ನಂತರವೂ ಮುಳುಗಡೆ ಸಂತ್ರಸ್ತರ ಭೂಮಿಯ ಹಕ್ಕಿನ ಪ್ರಶ್ನೆ ಪೂರ್ತಿ ಬಗೆಹರಿದಿಲ್ಲ. ಹಿನ್ನೀರಿನಿಂದ ದ್ವೀಪದಂತಾದ ತುಮರಿ ಭಾಗದ ಜನ ಲಾಂಚನ್ನೇ ನಂಬಿಕೊಂಡು ಬಾಳಬೇಕಾಯಿತು, ಆ ಭಾಗವನ್ನು ಜೋಡಿಸುವ ಸಿಗಂದೂರಿನ ಸೇತುವೆ ಸಂಚಾರಕ್ಕೆ ತೆರೆದದ್ದು 2025ರಲ್ಲಿ. ಮುಳುಗಿದ ಸಸ್ಯರಾಶಿ ನೀರಿನಡಿ ಕೊಳೆಯುವಾಗ ಮೀಥೇನ್ ಎಂಬ, ಇಂಗಾಲದ ಡೈಆಕ್ಸೈಡಿಗಿಂತ ಹಲವು ಪಟ್ಟು ತೀವ್ರವಾಗಿ ಶಾಖವನ್ನು ಹಿಡಿದಿಡುವ ಅನಿಲ ಹೊರಡುವುದರಿಂದ, ಜಲಾಶಯವನ್ನು ವಾತಾವರಣದ ದೃಷ್ಟಿಯಿಂದಲೂ ಸಂಪೂರ್ಣ ನಿರ್ದೋಷಿಯೆನ್ನಲಾಗದು.

ಕಲ್ಲಿದ್ದಲಿನ ಲೆಕ್ಕ ಇದಕ್ಕಿಂತ ಕಠಿಣವಾದದ್ದು. ಮಳೆ ಕೈಕೊಟ್ಟ ವರ್ಷಗಳಲ್ಲಿ ಜಲಾಶಯಗಳನ್ನೇ ನಂಬುವಂತಿಲ್ಲವೆಂಬ ಅನುಭವದಿಂದ ಶಾಖೋತ್ಪನ್ನ ಕೇಂದ್ರಗಳು ಬಂದವು: 1985ರಲ್ಲಿ ಮೊದಲ ಘಟಕ ಆರಂಭಿಸಿ 1,720 ಮೆಗಾವ್ಯಾಟ್‌ಗೆ ಬೆಳೆದ ರಾಯಚೂರಿನ ಶಕ್ತಿನಗರ, 1,700 ಮೆಗಾವ್ಯಾಟ್‌ನ ಬಳ್ಳಾರಿಯ ಕುಡತಿನಿ, ವಿದೇಶದ ಕಲ್ಲಿದ್ದಲನ್ನು ನೆಚ್ಚಿದ ಉಡುಪಿ ಜಿಲ್ಲೆಯ ಎಲ್ಲೂರು. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿ ಇಲ್ಲದ ಕಾರಣ ಶಕ್ತಿನಗರಕ್ಕೆ ಬೇಕಾದುದು ತೆಲಂಗಾಣದ ಸಿಂಗರೇಣಿ, ಒಡಿಶಾದ ಮಹಾನದಿ ಮೊದಲಾದ ಗಣಿಗಳಿಂದ ರೈಲಿನಲ್ಲಿ ಬರಬೇಕು. ಹೀಗೆ ಬರುವ ದೇಶೀ ಕಲ್ಲಿದ್ದಲಿನಲ್ಲಿ ಮೂರನೆಯ ಒಂದು ಭಾಗ ಅಥವಾ ಅದಕ್ಕಿಂತ ಹೆಚ್ಚು ಬೂದಿಯೇ ಇರುತ್ತದೆ. ಉರಿದು ಬಂದ ಶಾಖದಲ್ಲಿಯೂ ಮೂರನೆಯ ಒಂದು ಭಾಗದಷ್ಟು ಮಾತ್ರ ವಿದ್ಯುತ್ತಾಗಿ, ಉಳಿದದ್ದು ಗಾಳಿಗೂ ನೀರಿಗೂ ಸೇರಿಹೋಗುತ್ತದೆ. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕಾಗಿ, ಸರಿಸುಮಾರು ಒಂದು ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಗಂಧಕದ ಡೈಆಕ್ಸೈಡ್, ಹಾರುಬೂದಿಯ ಸೂಕ್ಷ್ಮ ಕಣಗಳು, ತಂಪುಗೊಳಿಸಲು ನದಿಯಿಂದ ಎತ್ತುವ ನೀರು ಇವೆಲ್ಲ ಈ ಲೆಕ್ಕದ ಮೇಲೆ ಬೀಳುವ ಹೆಚ್ಚುವರಿ ಹೊರೆಗಳು. ಕೃಷ್ಣೆಯ ದಡದಲ್ಲಿ ಬದುಕುವವರ ಉಸಿರು ಮತ್ತು ಬೆಳೆ ಆ ಹೊರೆಯನ್ನು ಹೊರುತ್ತವೆ.

ಅಣುವಿದ್ಯುತ್ತಿನ ವಿಚಾರದಲ್ಲಿ ಒಳಿತು ಮತ್ತು ಭಯ ಎರಡೂ ದೊಡ್ಡವು. ಕಾಳಿ ನದಿಯ ಕಣಿವೆಯಲ್ಲಿರುವ ಕೈಗಾ ಸ್ಥಾವರದ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳು ಹಗಲಿರುಳೆನ್ನದೆ ದುಡಿಯುತ್ತವೆ, ಮೊದಲನೆಯ ಘಟಕವು 2018ರ ಡಿಸೆಂಬರ್ 31ರವರೆಗೆ 962 ದಿನ ಬಿಡುವಿಲ್ಲದೆ ನಡೆದು ಆಗ ವಿಶ್ವದಾಖಲೆ ಮಾಡಿತು, ಮತ್ತು ಈ ಉತ್ಪಾದನೆಯಲ್ಲಿ ಹೊಗೆಯೆಂಬುದಿಲ್ಲ. ಹಾಗಿದ್ದರೂ ಬಳಸಿದ ಇಂಧನದಿಂದ ಉಳಿಯುವ ವಿಕಿರಣಶೀಲ ತ್ಯಾಜ್ಯವನ್ನು, ಅಂದರೆ ಕಣ್ಣಿಗೆ ಕಾಣದ ಹಾನಿಕರ ಕಿರಣಗಳನ್ನು ಸೂಸುತ್ತಲೇ ಇರುವ ವಸ್ತುವನ್ನು, ಸಾವಿರಾರು ವರ್ಷ ಕಾಯಬೇಕಾಗುತ್ತದೆ. ಅದರ ಬೆಳಕನ್ನು ಒಂದು ತಲೆಮಾರು ಉಂಡರೆ ಕಾವಲನ್ನು ಇನ್ನೂ ಹುಟ್ಟದ ನೂರಾರು ತಲೆಮಾರುಗಳು ಮಾಡಬೇಕು. ಇಲ್ಲಿ ತಂತಿಯ ಆಚೆ ತುದಿ ಸ್ಥಳದಲ್ಲಿ ಮಾತ್ರವಲ್ಲ, ಕಾಲದಲ್ಲಿಯೂ ದೂರವಿದೆ.

ಸೂರ್ಯ ಮತ್ತು ಗಾಳಿ ಈ ಎಲ್ಲಕ್ಕಿಂತ ಸೌಮ್ಯವಾದ ಮೂಲಗಳು ಎಂಬುದರಲ್ಲಿ ಅನುಮಾನಕ್ಕೆಡೆಯಿಲ್ಲ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ತಿರುಮಣಿ ಮತ್ತು ಸುತ್ತಲಿನ ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕು, ಪದೇ ಪದೇ ಬರಕ್ಕೆ ತುತ್ತಾಗುತ್ತಿದ್ದ ಒಣಭೂಮಿಯನ್ನು ಕೊಳ್ಳದೆ, ರೈತರ ಒಡೆತನದಲ್ಲೇ ಉಳಿಸಿ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾದ ಗೇಣಿಗೆ ಪಡೆದುಕೊಂಡದ್ದು ಶರಾವತಿಯ ಕಾಲಕ್ಕಿಂತ ಹೆಚ್ಚು ನ್ಯಾಯವಾದ ಕ್ರಮ. ಆದರೆ ಗೇಣಿ ಸಲ್ಲುವುದು ಜಮೀನುಳ್ಳವರಿಗೆ. ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಹೀನರಿಗೂ, ಅಲ್ಲಿ ಕುರಿ ಮೇಯಿಸುತ್ತಿದ್ದವರಿಗೂ ಸಲ್ಲಬೇಕಾದುದನ್ನು ಯಾವ ಕರಾರೂ ಬರೆದಿಟ್ಟಿಲ್ಲ. ಚಿತ್ರದುರ್ಗ, ಗದಗ ಜಿಲ್ಲೆಗಳ ಗುಡ್ಡಗಳ ಮೇಲಿನ ಗಾಳಿಯಂತ್ರಗಳಿಗೂ ನೆತ್ತಿಯವರೆಗೆ ರಸ್ತೆ ಕಡಿಯಬೇಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಬಿಸಿಲು ಸಂಜೆಗೆ ಮುಗಿಯುತ್ತದೆ, ಗಾಳಿ ಮುಂಗಾರಿನಲ್ಲಿ ಹೆಚ್ಚಿ ಉಳಿದ ಕಾಲದಲ್ಲಿ ಇಳಿಯುತ್ತದೆ. ಬಳಕೆಯ ಹೊತ್ತಿಗೂ ಉತ್ಪಾದನೆಯ ಹೊತ್ತಿಗೂ ಇರುವ ಈ ಅಂತರವನ್ನು ತುಂಬಲು ಮತ್ತೆ ಕಲ್ಲಿದ್ದಲು ಬೇಕು, ಇಲ್ಲವೇ ವಿದ್ಯುತ್ತನ್ನು ಕೂಡಿಡುವ ದುಬಾರಿ ವ್ಯವಸ್ಥೆ ಬೇಕು.

ಇದರಿಂದ ಹೊರಡುವ ತೀರ್ಮಾನ ಇಷ್ಟು: ಮೂಲಗಳ ನಡುವೆ ಹೆಚ್ಚು ಕಡಿಮೆಗಳಿವೆ, ಆ ತಾರತಮ್ಯ ಮುಖ್ಯವೂ ಹೌದು, ಆದರೆ ಯಾರ ಮೇಲೂ ಹೊರೆ ಹೊರಿಸದ ಮೂಲ ಒಂದೂ ಇಲ್ಲ. ಬಳಸದೆ ಉಳಿದ ಯೂನಿಟ್ ಒಂದೇ ಯಾರನ್ನೂ ಮುಳುಗಿಸದ, ಯಾರ ಮೇಲೂ ಬೂದಿ ಸುರಿಸದ ಯೂನಿಟ್.

ಉಳಿತಾಯವೆಂದರೆ ಕತ್ತಲಲ್ಲಿ ಕೂರುವುದೆಂಬ ತಪ್ಪು ಕಲ್ಪನೆಯನ್ನು ಸರಿಪಡಿಸಿದವರಲ್ಲಿ ಪ್ರಮುಖರು ಬೆಂಗಳೂರಿನವರೇ ಆದ ಅಮೂಲ್ಯ ಕೆ. ಎನ್. ರೆಡ್ಡಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ 'ಅಸ್ತ್ರ' ಕೇಂದ್ರವನ್ನು ಕಟ್ಟಿ, ಕಡಿಮೆ ಸೌದೆಯಲ್ಲಿ ಉರಿಯುವ ಅಸ್ತ್ರ ಒಲೆಯ ಹಿಂದಿದ್ದ ತಂಡವನ್ನು ಬೆಳೆಸಿದ ಅವರು, ಕರ್ನಾಟಕದ ವಿದ್ಯುತ್ ಯೋಜನೆಯನ್ನು ಕುರಿತು ಒಂದು ಮೂಲಭೂತ ಪ್ರಶ್ನೆ ಎತ್ತಿದರು. ಎಷ್ಟು ಮೆಗಾವ್ಯಾಟ್ ಬೇಕು ಎಂದು ಲೆಕ್ಕ ಆರಂಭಿಸುವ ಬದಲು ಯಾರಿಗೆ ಯಾವ ಸೇವೆ ಬೇಕು ಎಂದು ಆರಂಭಿಸಬೇಕೆಂಬುದು ಅವರ ವಾದ. ಜನರಿಗೆ ಬೇಕಾದುದು ಬೆಳಕು, ಬೆಚ್ಚಗಿನ ನೀರು, ಬೇಯಿಸಿದ ಅನ್ನ, ಹೊಲಕ್ಕೆ ನೀರು. ವಿದ್ಯುತ್ತು ಇವುಗಳಿಗೆ ಸಾಧನ ಮಾತ್ರ. ಸಾಧನದ ದಕ್ಷತೆ ಹೆಚ್ಚಿದರೆ ಸೇವೆ ಕುಗ್ಗದೆ ಖರ್ಚು ಕುಗ್ಗುತ್ತದೆ. ಈ ಕ್ರಮದಿಂದ ಲೆಕ್ಕ ಹಾಕಿದಾಗ, ರಾಜ್ಯಕ್ಕೆ ಬೇಕೆಂದು 1980ರ ದಶಕದಲ್ಲಿ ಅಂದಾಜಿಸಿದ್ದ ವಿದ್ಯುತ್ತಿಗಿಂತ ಬಹಳ ಕಡಿಮೆಯಲ್ಲಿ, ಬಡವರ ಮನೆಗಳಿಗೆ ಹೊಸದಾಗಿ ಬೆಳಕು ಕೊಟ್ಟೂ, ಅಗತ್ಯಗಳನ್ನು ಪೂರೈಸಬಹುದೆಂದು ಅವರು ತೋರಿಸಿದರು.

ಆ ಕ್ರಮವನ್ನು ತ್ಯಾಗರಾಜನಗರದ ಒಂದು ಮನೆಗೆ ಅನ್ವಯಿಸಿದರೆ ಅದರ ಬಲ ತಿಳಿಯುತ್ತದೆ. ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರನ್ನು 20 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗೆ ಮಾಡಲು ಹತ್ತಿರಹತ್ತಿರ ಅರ್ಧ ಯೂನಿಟ್ ಬೇಕು. ನಾಲ್ವರ ಕುಟುಂಬಕ್ಕೆ ದಿನಕ್ಕೆ ಎರಡು ಯೂನಿಟ್, ವರ್ಷಕ್ಕೆ ಏಳು ನೂರರ ಆಸುಪಾಸು. ಅದು ಕಲ್ಲಿದ್ದಲಿನಿಂದಲೇ ಬಂದರೆ ಅರ್ಧ ಟನ್ ಕಲ್ಲಿದ್ದಲು, ನೂರೈವತ್ತು ಕಿಲೋಗ್ರಾಂಗೂ ಹೆಚ್ಚು ಬೂದಿ. ಅದೇ ನೀರನ್ನು ತಾರಸಿಯ ಮೇಲಿನ ಸೋಲಾರ್ ಹೀಟರು ವರ್ಷದ ಬಹುಪಾಲು ದಿನ ಯಾವ ಬೂದಿಯೂ ಇಲ್ಲದೆ ಕಾಯಿಸುತ್ತದೆ. ಬೆಳಗಿನ ಹೊತ್ತು ಎಲ್ಲ ಗೀಸರುಗಳೂ ಒಮ್ಮೆಗೇ ಹೊತ್ತಿಕೊಂಡು ಏರುತ್ತಿದ್ದ ಬೇಡಿಕೆಯನ್ನು ಕಂಡು 2007ರ ಸುಮಾರಿಗೆ ಹೊಸ ಮನೆಗಳಿಗೆ ಸೋಲಾರ್ ಹೀಟರನ್ನು ಕಡ್ಡಾಯ ಮಾಡಿ, ಬಿಲ್ಲಿನಲ್ಲಿ ರಿಯಾಯಿತಿಯನ್ನೂ ನೀಡಲಾಯಿತು. ದಕ್ಷಿಣ ಬೆಂಗಳೂರಿನ ತಾರಸಿಗಳ ಸಾಲು ಸಾಲು ಹೀಟರುಗಳು ಒಳ್ಳೆಯ ನಿಯಮವೊಂದು ಒಂದು ಊರಿನ ಅಭ್ಯಾಸವನ್ನೇ ಬದಲಿಸಬಲ್ಲುದೆಂಬುದಕ್ಕೆ ಸಾಕ್ಷಿ. ಫ್ಯಾನಿನಲ್ಲಿಯೂ ಹೀಗೆಯೇ: 75 ವ್ಯಾಟ್‌ನ ಹಳೆಯ ಫ್ಯಾನಿನ ಜಾಗದಲ್ಲಿ 30 ವ್ಯಾಟ್‌ನ ಹೊಸ ಬಗೆಯದು ತಿರುಗಿದರೆ, ದಿನಕ್ಕೆ ಹತ್ತು ಗಂಟೆಯಂತೆ ವರ್ಷಕ್ಕೆ ಮುನ್ನೂರು ದಿನಕ್ಕೆ 135 ಯೂನಿಟ್ ಉಳಿಯುತ್ತದೆ, ಗಾಳಿ ಕಡಿಮೆಯಾಗುವುದಿಲ್ಲ.

ಇದಕ್ಕಿಂತ ಮರೆಯಲ್ಲಿರುವುದು ನೀರಿನಲ್ಲಿ ಅಡಗಿದ ವಿದ್ಯುತ್ತು. ಕಾವೇರಿಯ ನೀರು ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿಗಳ ಮೂಲಕ ಸುಮಾರು ನೂರು ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಹಂತಹಂತವಾಗಿ ಪಂಪ್ ಆಗಿ ನಗರವನ್ನು ತಲುಪುತ್ತದೆ. ಸಾವಿರ ಲೀಟರ್ ನೀರನ್ನು ಅಷ್ಟು ಎತ್ತರಕ್ಕೆ ಏರಿಸಲು ಭೌತಶಾಸ್ತ್ರದ ಪ್ರಕಾರವೇ ಕನಿಷ್ಠ 1.36 ಯೂನಿಟ್ ಬೇಕು. ಪಂಪು ಮತ್ತು ಕೊಳವೆಗಳಲ್ಲಾಗುವ ನಷ್ಟ ಸೇರಿದರೆ ಅದು ಎರಡು ಯೂನಿಟ್‌ನ ಹತ್ತಿರ ಹೋಗುತ್ತದೆ. ದಿನಕ್ಕೆ ಐನೂರು ಲೀಟರ್ ಬಳಸುವ ಮನೆ ತನ್ನ ವಿದ್ಯುತ್ ಬಿಲ್ಲಿನಲ್ಲಿ ಎಂದೂ ಕಾಣದ ಒಂದು ಯೂನಿಟನ್ನು ದಿನವೂ ಖರ್ಚು ಮಾಡುತ್ತಿದೆಯೆಂದೇ ಅರ್ಥ. ಆದ್ದರಿಂದ ಸೋರುವ ನಲ್ಲಿಯನ್ನು ರಿಪೇರಿ ಮಾಡಿಸುವುದು, ಮಳೆನೀರನ್ನು ಸಂಪಿಗೆ ಇಳಿಸುವುದು ನೀರಿನ ಉಳಿತಾಯವಾಗಿರುವಷ್ಟೇ ವಿದ್ಯುತ್ತಿನ ಉಳಿತಾಯವೂ ಹೌದು.

ಈ ವಾದಕ್ಕೆ ಗಂಭೀರವಾದ ಆಕ್ಷೇಪಗಳಿವೆ. ದಕ್ಷತೆ ಹೆಚ್ಚಿದಷ್ಟೂ ಬಳಕೆಯೂ ಹೆಚ್ಚುತ್ತದೆ ಎಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಷ್ಟು ಹಿಂದೆಯೇ ಕಲ್ಲಿದ್ದಲನ್ನು ಕುರಿತು ಹೇಳಿದ್ದರು. ಫ್ಯಾನಿನಲ್ಲಿ ಉಳಿಸಿದ ಹಣ ಏಸಿ ಕೊಳ್ಳಲು ಹೋದರೆ ಉಳಿತಾಯವೆಲ್ಲಿ ಉಳಿಯಿತು? ಈ ಮಾತಿನಲ್ಲಿ ಸತ್ಯವಿದೆ, ಆದರೆ ಅದು ದಕ್ಷತೆಯ ನಿರರ್ಥಕತೆಯನ್ನು ಸಾಧಿಸುವುದಿಲ್ಲ. ಉಪಕರಣದ ದಕ್ಷತೆಯ ಜೊತೆಗೆ ಬೇಡಿಕೆಯನ್ನೇ ಹುಟ್ಟಿಸದ ಕಟ್ಟಡಗಳೂ ಬೇಕೆಂಬುದನ್ನು ಸಾಧಿಸುತ್ತದೆ. ಹಳೆಯ ಬಡಾವಣೆಗಳ ಎತ್ತರದ ಸೂರು, ಎದುರುಬದುರು ಕಿಟಕಿ, ಅಂಗಳದ ಮರ ಇವು ಯಂತ್ರವಿಲ್ಲದೆಯೇ ಮನೆಯನ್ನು ತಂಪಾಗಿಡುತ್ತಿದ್ದವು. ಒಂಟಿ ಮನೆಯ ನಿವೇಶನದಲ್ಲಿ ಗೋಡೆಗೆ ಗೋಡೆ ತಾಗಿದ ನಾಲ್ಕು ಅಂತಸ್ತು ಎದ್ದಾಗ ಹಗಲಿನಲ್ಲೂ ದೀಪ ಬೇಕಾಗುತ್ತದೆ, ಪಕ್ಕದ ತಾರಸಿಯ ಬಿಸಿಲೂ ಹೋಗುತ್ತದೆ. ಬೆಳಕಿನ ಹಕ್ಕನ್ನು ಕಾಯುವ ಕಟ್ಟಡ ನಿಯಮದ ಪಾಲನೆ ಈ ಕಾರಣದಿಂದ ಇಂಧನ ನೀತಿಯ ಭಾಗವೇ ಆಗಿದೆ.

ಎರಡನೆಯ ಆಕ್ಷೇಪ ಬಡವರ ಪರವಾದದ್ದು: ಇನ್ನೂ ಸಾಕಷ್ಟು ಬೆಳಕನ್ನೇ ಕಾಣದವರಿಗೆ ಉಳಿತಾಯದ ಬೋಧನೆ ಏಕೆ? ಈ ಬೋಧನೆ ಅವರಿಗಲ್ಲ. ಹೆಚ್ಚು ಬಳಸುವವರು ವ್ಯರ್ಥ ಮಾಡದಿದ್ದಾಗಲೇ ಇನ್ನೊಂದು ಕಣಿವೆಯನ್ನು ಮುಳುಗಿಸದೆ ಅವರಿಗೆ ಬೆಳಕು ಕೊಡಲು ಸಾಧ್ಯ. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆ, ಹಿಂದಿನ ವರ್ಷದ ಸರಾಸರಿ ಬಳಕೆಯ ಮೇಲೆ ಶೇಕಡಾ 10 ಸೇರಿಸಿ, 200 ಯೂನಿಟ್‌ಗಳ ಮಿತಿಯೊಳಗೆ ಉಚಿತ ವಿದ್ಯುತ್ತು ಕೊಟ್ಟು ಲಕ್ಷಾಂತರ ಕುಟುಂಬಗಳ ಹೊರೆ ಇಳಿಸಿತು. ಮಿತಿ ಇರುವುದರಿಂದ ಅದನ್ನು ಮೀರದಿರುವ ಎಚ್ಚರವೂ ಬಂದಿದೆ. ಆದರೆ ಮಿತಿಯೊಳಗೆ ಇನ್ನಷ್ಟು ಉಳಿಸಿದ ಮನೆಗೆ ಅದರ ಗುರುತು ಎಲ್ಲಿಯೂ ಕಾಣುವುದಿಲ್ಲ. ಹಾಗೆ ಉಳಿಸಿದವರಿಗೆ ಸಣ್ಣ ಮರುಪಾವತಿಯೊಂದು ಸೇರಿದರೆ ಯೋಜನೆಯ ಔದಾರ್ಯ ಕುಂದದೆ ಅದರ ವಿವೇಕ ಹೆಚ್ಚುತ್ತದೆ.

ವಿದ್ಯುತ್ತಿನ ಹೊರೆಯನ್ನು ಯಾರು ಹೊರಬೇಕೆಂಬ ಪ್ರಶ್ನೆ ಇಂದು ಶರಾವತಿಯ ಕಣಿವೆಯಲ್ಲಿಯೇ ಮತ್ತೆ ಎದ್ದು ನಿಂತಿದೆ. ಹಗಲಿನ ಸೌರವಿದ್ಯುತ್ತನ್ನು ಸಂಜೆಗೆ ಕೂಡಿಡಲು, ಕೆಳಗಿನ ಗೇರುಸೊಪ್ಪೆ ಜಲಾಶಯದಿಂದ ಮೇಲಿನ ತಲಕಳಲೆಗೆ ನೀರೆತ್ತಿ ಬೇಕಾದಾಗ ಇಳಿಸುವ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಸಿಂಗಳೀಕಗಳ ಅಭಯಾರಣ್ಯದಲ್ಲಿ, ಬೆಟ್ಟದೊಳಗೆ ಸುರಂಗ ಕೊರೆದು ಕಟ್ಟುವ ಪ್ರಸ್ತಾಪವಿದ್ದು, ಮಲೆನಾಡಿನ ಜನ ಅದನ್ನು ವಿರೋಧಿಸುತ್ತಿದ್ದಾರೆ. ಇಂಥ ಯೋಜನೆ ಇಳಿಸಿ ಪಡೆಯುವ ವಿದ್ಯುತ್ತಿಗಿಂತ ಎತ್ತಲು ತಗಲುವ ವಿದ್ಯುತ್ತೇ ಹೆಚ್ಚು. ಅದು ಉತ್ಪಾದಿಸುವುದಿಲ್ಲ, ಹೊತ್ತನ್ನು ಮಾತ್ರ ಬದಲಿಸುತ್ತದೆ. ಹೊತ್ತನ್ನು ಬದಲಿಸುವ ಕೆಲಸದ ಒಂದು ಪಾಲನ್ನು ನಗರದ ಮನೆಗಳೂ ಮಾಡಬಲ್ಲವು: ಸಂಪಿನಿಂದ ಟ್ಯಾಂಕಿಗೆ ನೀರೆತ್ತುವ ಮೋಟಾರು ಮತ್ತು ವಾಷಿಂಗ್ ಮಷೀನು ನಡುಹಗಲಲ್ಲಿ ನಡೆದರೆ, ಸ್ನಾನದ ನೀರು ಬಿಸಿಲಿನಲ್ಲಿ ಕಾದಿದ್ದರೆ, ಬೆಳಗಿನ ಮತ್ತು ಸಂಜೆಯ ಬೇಡಿಕೆ ಅಷ್ಟರಮಟ್ಟಿಗೆ ಇಳಿಯುತ್ತದೆ. ಒಂದು ಮನೆಯ ಪಾಲು ಅತ್ಯಲ್ಪ, ಒಂದು ಬಡಾವಣೆಯದೂ ಅಲ್ಪವೇ. ಆದರೆ ಕಣಿವೆಯನ್ನು ಕೊರೆಯಲು ಕೊಡುವ ಕಾರಣವೂ ಇಂಥ ಲಕ್ಷಾಂತರ ಮನೆಗಳ ಸಂಜೆಯ ಬೇಡಿಕೆಯ ಮೊತ್ತವೇ ಆಗಿರುವುದರಿಂದ, ಶರಾವತಿಯಲ್ಲಿ ಇನ್ನೊಮ್ಮೆ ನೆಲ ಅಗೆಯಬೇಕೋ ಬೇಡವೋ ಎಂಬ ನಿರ್ಧಾರದ ಒಂದಂಶ ತ್ಯಾಗರಾಜನಗರದ ತಾರಸಿಗಳ ಮೇಲೆ ಮತ್ತು ಸ್ವಿಚ್ಚುಗಳ ಬಳಿ ಆಗುತ್ತಿದೆ ಎಂಬುದನ್ನು ಅಲ್ಲಿನ ನಿವಾಸಿಗಳು ಅರಿಯಬೇಕಾಗಿದೆ.